ಒಣಗಿ ಉಳಿದ ಜೀವ: ನೀರುಕರಡಿ, ಪಾಚಿ ಮತ್ತು ಬಾಹ್ಯಾಕಾಶದ ಸುದ್ದಿಗಳು

2025ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಬಂದ ಎರಡು ಸುದ್ದಿಗಳು ಬಹಳ ಜನರನ್ನು ಗೊಂದಲಕ್ಕೆ ತಳ್ಳಿವೆ.

ಮೊದಲನೆಯದು ಜೂನ್ ತಿಂಗಳದ್ದು. ಭಾರತೀಯ ವಾಯುಪಡೆಯ ಶುಭಾಂಶು ಶುಕ್ಲಾ ಆಕ್ಸಿಯಮ್-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಅವರ ಜೊತೆ ನೀರುಕರಡಿ ಅಂತ ಕರೆಸಿಕೊಳ್ಳುವ ಟಾರ್ಡಿಗ್ರೇಡ್‌ಗಳೂ ಹೋದವು. ಕಣ್ಣಿಗೆ ಕಾಣದಷ್ಟು ಚಿಕ್ಕ ಪ್ರಾಣಿಗಳು ಇವು. ಎರಡನೆಯದು ನವೆಂಬರ್ ತಿಂಗಳದ್ದು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಟೊಮೊಮಿಚಿ ಫುಜಿತಾ ಅವರ ತಂಡ ಪಾಚಿಯನ್ನು ನಿಲ್ದಾಣದ ಹೊರಗೋಡೆಯ ಮೇಲೆ 283 ದಿನ ಇಟ್ಟಿತ್ತು. ಕೆಳಗೆ ತಂದು ನೋಡಿದಾಗ ಅದರ ಬೀಜಕಣಗಳಲ್ಲಿ ಶೇ 80ಕ್ಕಿಂತ ಹೆಚ್ಚು ಬದುಕಿದ್ದವು.

ಇವೆರಡನ್ನೂ ಓದಿದವರು ಸಹಜವಾಗಿಯೇ ಮುಂದಕ್ಕೆ ಯೋಚಿಸಿದರು. ಸಾವೇ ಇಲ್ಲದ ಪ್ರಾಣಿ ಇದೆಯಾ? ಪಾಚಿ ಅಲ್ಲಿ ಬದುಕುತ್ತದೆ ಅಂದರೆ ಮಂಗಳದಲ್ಲಿ ಬೆಳೆ ಬೆಳೆಯಬಹುದಾ? ಭೂಮಿಯ ಮೇಲಿನ ಜೀವ ಆಕಾಶದಿಂದಲೇ ಬಂದಿರಬಹುದಾ? ಪ್ರಶ್ನೆಗಳೇನೋ ಒಳ್ಳೆಯವೇ. ಆದರೆ ಸುದ್ದಿಗಳು ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಲ್ಲಿ ಹೇಳಿಬಿಟ್ಟವು. ಜೀವ ಹಿಡಿದುಕೊಂಡು ಉಳಿಯುವುದು ಒಂದು. ಉಂಡು, ಬೆಳೆದು, ಮರಿ ಮಾಡಿ ಬಾಳುವುದು ಇನ್ನೊಂದು. ಗೊಂದಲ ಹುಟ್ಟಿದ್ದು ಇವೆರಡೂ ಬೆರೆತಿದ್ದರಿಂದ.

ಪಾಚಿಯ ಜೊತೆ ವರ್ಷವಿಡೀ ಇರುವ ಕೊಡಗಿನವರಿಗೆ ಈ ವ್ಯತ್ಯಾಸ ಅರ್ಥ ಮಾಡಿಕೊಳ್ಳುವುದು ಸುಲಭ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಹೊತ್ತಿಗೆ ಹೆಂಚು, ಕಾಂಪೌಂಡ್ ಗೋಡೆ, ತೋಟದ ಹಲಸು, ಬಳಂಜಿ ಎಲ್ಲಕ್ಕೂ ಹಸಿರು ಹತ್ತಿರುತ್ತದೆ. ಮಾರ್ಚ್ ಬಂತೆಂದರೆ ಅದೇ ಪಾಚಿ ಕಂದುಗಟ್ಟಿ, ಮುಟ್ಟಿದರೆ ಉದುರುವಷ್ಟು ಒಣಗುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಒಂದು ಬಿದ್ದರೆ ಸಾಕು, ಮತ್ತೆ ಹಸಿರು. ಬಾಹ್ಯಾಕಾಶದ ಸುದ್ದಿಗೂ ಮೂಲ ಇದೇ ಒಣಗುವ, ನೆನೆಯುವ ಬದುಕು.

ಎರಡು ಪ್ರಯೋಗ, ಎರಡು ಪ್ರಶ್ನೆ

ಜಪಾನಿನ ತಂಡ ಆರಿಸಿಕೊಂಡಿದ್ದು ಫಿಸ್ಕೊಮೈಟ್ರಿಯಮ್ ಪೇಟೆನ್ಸ್ ಎಂಬ ಪಾಚಿ. ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಜಾತಿ ಇದು. ಮೊದಲು ಅವರು ಅದರ ಬೇರೆ ಬೇರೆ ಹಂತಗಳನ್ನು ನೆಲದಲ್ಲೇ ಪರೀಕ್ಷೆ ಮಾಡಿದರು. ಎಳೆಯ ಎಳೆಗಳು ಬೇಗ ಸತ್ತವು. ಬೀಜಕಣ ತುಂಬಿದ ಪುಟ್ಟ ಗೂಡುಗಳು ಮಾತ್ರ ಗಟ್ಟಿಯಾಗಿ ನಿಂತವು. ಮೈನಸ್ 196 ಡಿಗ್ರಿ ಚಳಿಯಲ್ಲಿ ಒಂದು ವಾರಕ್ಕೂ ಹೆಚ್ಚು, 55 ಡಿಗ್ರಿ ಸೆಕೆಯಲ್ಲಿ ಒಂದು ತಿಂಗಳು ಅವು ತಡೆದವು. ಹಾಗಾಗಿ 2022ರ ಮಾರ್ಚ್‌ನಲ್ಲಿ ಮೇಲಕ್ಕೆ ಹೋಗಿದ್ದು ಆ ಗೂಡುಗಳು. ಮರಳಿ ಬಂದಿದ್ದು 2023ರ ಜನವರಿಯಲ್ಲಿ.

ಅಂದರೆ ಬಾಹ್ಯಾಕಾಶದಲ್ಲಿ ಪಾಚಿ ಬೆಳೆಯಲಿಲ್ಲ. ಬೀಜಕಣಗಳು ಮಲಗಿದ್ದವು, ಮಲಗಿಯೇ ಮರಳಿದವು. ಮೊಳೆತದ್ದು ಭೂಮಿಯಲ್ಲಿ, ನೀರು ಮತ್ತು ಗಾಳಿ ಸಿಕ್ಕ ಮೇಲೆ. ಬೀಜಕಣಗಳ ಒಂದು ಬಗೆಯ ಹರಿತ್ತು ಶೇ 20ರಷ್ಟು ಕಡಿಮೆಯಾಗಿತ್ತು. ಹಾಗಿದ್ದರೂ ಮೊಳಕೆಗೆ ಅದು ದೊಡ್ಡ ಅಡ್ಡಿಯಾಗಲಿಲ್ಲ. ಇದೇ ವೇಗದಲ್ಲಿ ಹಾನಿ ಆಗುತ್ತಾ ಹೋದರೆ ಬೀಜಕಣಗಳು ಸುಮಾರು 5,600 ದಿನ, ಅಂದರೆ 15 ವರ್ಷ ಉಳಿಯಬಹುದು ಎಂದು ತಂಡ ಲೆಕ್ಕ ಹಾಕಿದೆ. ಇದೊಂದು ಒರಟು ಅಂದಾಜು ಎಂದು ಅವರೇ ಹೇಳಿದ್ದಾರೆ. ಸುದ್ದಿಗಳಲ್ಲಿ ಈ ಎಚ್ಚರಿಕೆಯ ಮಾತು ಹೆಚ್ಚಾಗಿ ಕಾಣಲಿಲ್ಲ.

ಶುಕ್ಲಾ ಜೊತೆ ಹೋದ ನೀರುಕರಡಿಗಳ ಪ್ರಶ್ನೆಯೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆ ಪ್ರಯೋಗ ನಡೆದದ್ದು ನಿಲ್ದಾಣದ ಒಳಗೆ. ಒಳಗೆ ಗಾಳಿ ಇದೆ, ಮನುಷ್ಯರಿಗೆ ಒಗ್ಗುವ ತಾಪ ಇದೆ, ಗೋಡೆಯ ರಕ್ಷಣೆ ಇದೆ. ಕೇಳಿದ ಪ್ರಶ್ನೆ ಇಷ್ಟು: ಇವು ಅಲ್ಲಿ ಎಚ್ಚರಗೊಳ್ಳುತ್ತವಾ, ಬದುಕುತ್ತವಾ, ಮೊಟ್ಟೆ ಇಡುತ್ತವಾ, ಮೊಟ್ಟೆ ಒಡೆದು ಮರಿ ಬರುತ್ತದಾ? ಯಾವ ಜೀನ್‌ಗಳು ಕೆಲಸ ಜಾಸ್ತಿ ಮಾಡುತ್ತವೆ, ಯಾವುವು ಸುಮ್ಮನಾಗುತ್ತವೆ?

ಜಪಾನಿನದ್ದು ಉಳಿಯುವಿಕೆಯ ಪರೀಕ್ಷೆ. ಬೆಂಗಳೂರಿನದ್ದು ಬಾಳುವಿಕೆಯ ಪರೀಕ್ಷೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿದರೆ ತಪ್ಪು ದಾರಿ ಹಿಡಿದಂತೆ.

ಪಾಚಿಯೊಳಗಿನ ಎಂಟು ಕಾಲಿನ ಪ್ರಾಣಿ

ನೀರುಕರಡಿಗೆ ಎಂಟು ಮೋಟು ಕಾಲು, ಕಾಲ ತುದಿಯಲ್ಲಿ ಉಗುರು. ಹೆಚ್ಚಿನವುಗಳ ಉದ್ದ ಒಂದು ಮಿಲಿಮೀಟರ್‌ಗಿಂತ ಕಡಿಮೆ. 1773ರಲ್ಲಿ ಜರ್ಮನಿಯ ಯೋಹಾನ್ ಗೋಟ್ಸೆ ಇದನ್ನು ಮೊದಲು ವರ್ಣಿಸಿದರು. ಇಲ್ಲಿಯವರೆಗೆ 1,300ಕ್ಕೂ ಹೆಚ್ಚು ಜಾತಿಗಳು ಸಿಕ್ಕಿವೆ. ಸಮುದ್ರದ ತಳದಲ್ಲೂ ಇವೆ, ಹಿಮಾಲಯದ ಎತ್ತರದಲ್ಲೂ ಇವೆ. ಆದರೆ ಹುಡುಕುವವರು ಮೊದಲು ಕೈ ಹಾಕುವುದು ಪಾಚಿಗೆ, ಮರದ ಮೈಮೇಲಿನ ಕಲ್ಲುಹೂವಿಗೆ.

ಬಾಹ್ಯಾಕಾಶಕ್ಕೆ ಹೋದ ಬೆಂಗಳೂರಿನ ತಳಿಯ ಕಥೆಯೂ ಪಾಚಿಯಿಂದಲೇ ಶುರುವಾಗುತ್ತದೆ. ಸಂದೀಪ್ ಈಶ್ವರಪ್ಪ ಅವರ ತಂಡಕ್ಕೆ ಅದು ಸಿಕ್ಕಿದ್ದು ವಿಜ್ಞಾನ ಸಂಸ್ಥೆಯ ಆವರಣದ ಒಂದು ಕಾಂಕ್ರೀಟ್ ಗೋಡೆಯ ಪಾಚಿಯಲ್ಲಿ. ರೋಗಾಣುಗಳನ್ನು ಕೊಲ್ಲಲು ಬಳಸುವ ನೇರಳಾತೀತ ದೀಪದ ಕೆಳಗೆ ಇಟ್ಟರೂ ಅದು ಸಾಯಲಿಲ್ಲ. ಸಾಮಾನ್ಯ ಪ್ರಮಾಣದ ನಾಲ್ಕು ಪಟ್ಟು ಕೊಟ್ಟಾಗಲೂ ಸುಮಾರು ಶೇ 60ರಷ್ಟು ನೀರುಕರಡಿಗಳು 30 ದಿನಕ್ಕಿಂತ ಹೆಚ್ಚು ಬದುಕಿದವು. ಕಾರಣ ಅವುಗಳ ಮೈಯಲ್ಲಿರುವ ಒಂದು ಬಣ್ಣದ ವಸ್ತು. ಕೊಲ್ಲುವ ಕಿರಣವನ್ನು ಹೀರಿ, ಹಾನಿಯಿಲ್ಲದ ನೀಲಿ ಬೆಳಕಾಗಿ ಅದು ಹೊರಗೆ ಬಿಡುತ್ತದೆ. ಆ ವಸ್ತುವನ್ನು ಹಿಂಡಿ ತೆಗೆದು ಬೇರೆ ಜಾತಿಯ ನೀರುಕರಡಿಗೆ ಹೊದಿಸಿದರೆ ಅದಕ್ಕೂ ಸ್ವಲ್ಪ ರಕ್ಷಣೆ ಸಿಕ್ಕಿತು. ಈ ಸಂಶೋಧನೆ ಪ್ರಕಟವಾಗಿದ್ದು 2020ರಲ್ಲಿ.

ದಕ್ಷಿಣ ಭಾರತದ ಬಿಸಿಲಿಗೆ ಒಡ್ಡಿಕೊಂಡ ಗೋಡೆಯ ಮೇಲೆ ಬದುಕುವ ಪ್ರಾಣಿಗೆ ಇಂಥ ಕವಚ ಇರುವುದು ಅರ್ಥವಾಗುವ ಮಾತು. ಯಾವ ನೀರುಕರಡಿಯೂ ಬಾಹ್ಯಾಕಾಶಕ್ಕಾಗಿ ರೂಪುಗೊಂಡಿಲ್ಲ. ಗೋಡೆಯ ಮೇಲಿನ ಬದುಕಿಗೆ ಬೇಕಾದದ್ದು ಬಾಹ್ಯಾಕಾಶದಲ್ಲೂ ಉಪಯೋಗಕ್ಕೆ ಬಂತು, ಅಷ್ಟೇ. ಜೀವವಿಜ್ಞಾನದಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವುದು ಈ ಆಕಸ್ಮಿಕವೇ. ಸುದ್ದಿಗಳು ಇದನ್ನು ಬಿಟ್ಟು ಸಾವಿಲ್ಲದ ಪ್ರಾಣಿಯ ಹಿಂದೆ ಓಡುವುದು ಬೇಸರದ ವಿಷಯ.

ಒಣಗಿದರೂ ಸಾಯದಿರುವುದು ಹೇಗೆ?

ಜೀವಕೋಶ ಒಣಗಿದರೆ ಸಾಮಾನ್ಯವಾಗಿ ಸಾಯುತ್ತದೆ. ನೀರು ಹೋದಾಗ ಕೋಶದ ಪೊರೆ ಕುಸಿದು ಒಂದಕ್ಕೊಂದು ಅಂಟುತ್ತದೆ. ಪ್ರೋಟೀನ್‌ಗಳು ತಮ್ಮ ಆಕಾರ ಕಳೆದುಕೊಂಡು ಗಂಟಾಗುತ್ತವೆ. ಡಿಎನ್‌ಎ ತುಂಡಾಗುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಪ್ರಯೋಜನವಿಲ್ಲ.

ನೀರುಕರಡಿ ಇದನ್ನು ತಡೆಯುವುದು ನಿಧಾನವಾಗಿ ಒಣಗುವ ಮೂಲಕ. ಪಾಚಿಯ ತೇವ ಕಡಿಮೆಯಾಗುತ್ತಿದ್ದಂತೆ ಅದು ಕಾಲುಗಳನ್ನು ಒಳಗೆಳೆದು ಸಣ್ಣ ಗುಂಡಾಗಿ ಮುದುಡುತ್ತದೆ. ಮೈಯ ನೀರು ಶೇ 3ಕ್ಕಿಂತ ಕೆಳಗೆ ಇಳಿಯಬಹುದು. ಜೀವಕ್ರಿಯೆ ಹೆಚ್ಚುಕಡಿಮೆ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಕೆಲವು ವಿಶೇಷ ಪ್ರೋಟೀನ್‌ಗಳು ಕೋಶದ ತುಂಬ ಸೇರಿಕೊಳ್ಳುತ್ತವೆ. ನೀರು ಹೋಗುತ್ತಾ ಹೋದಂತೆ ಅವು ಬೆಲ್ಲದ ಪಾಕ ಗಟ್ಟಿಯಾಗುವ ಹಾಗೆ ಗಟ್ಟಿಯಾಗಿ, ಕೋಶದ ಸೂಕ್ಷ್ಮ ಭಾಗಗಳನ್ನು ಇದ್ದಲ್ಲೇ ಹಿಡಿದಿಡುತ್ತವೆ. ಏನೂ ಅಲುಗಾಡುವುದಿಲ್ಲ, ಹಾಗಾಗಿ ಏನೂ ಬೇಗ ಕೆಡುವುದೂ ಇಲ್ಲ.

ಇನ್ನು ಡಿಎನ್‌ಎ ವಿಷಯ. 2016ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಕೆಕಾಝು ಕುನಿಯೇದಾ ಅವರ ತಂಡ ನೀರುಕರಡಿಯಲ್ಲಿ ಡಿಸಪ್ ಎಂಬ ಪ್ರೋಟೀನನ್ನು ಗುರುತಿಸಿತು. ಅದು ಡಿಎನ್‌ಎಗೆ ಅಂಟಿಕೊಂಡು ಏಟು ತಡೆಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕೋಶಗಳಿಗೆ ಇದನ್ನು ಸೇರಿಸಿದಾಗ ಎಕ್ಸ್‌ರೇಯಿಂದಾಗುವ ಹಾನಿ ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಇಷ್ಟಾದರೂ ಕೆಲವು ತುಂಡುಗಳಾಗುತ್ತವೆ. ಅವನ್ನು ಜೋಡಿಸುವ ದುರಸ್ತಿ ವ್ಯವಸ್ಥೆಯೂ ಇದರಲ್ಲಿ ಬಲವಾಗಿದೆ.

ಒಣಗುವಿಕೆ, ವಿಕಿರಣ ಎರಡೂ ಡಿಎನ್‌ಎಯನ್ನು ತುಂಡು ಮಾಡುತ್ತವೆ. ಒಂದಕ್ಕೆ ಮಾಡಿಕೊಂಡ ಸಿದ್ಧತೆ ಇನ್ನೊಂದಕ್ಕೂ ಆಗುತ್ತದೆ. ಭೂಮಿಯಲ್ಲಿ ಎಲ್ಲೂ ಇಲ್ಲದಷ್ಟು ವಿಕಿರಣವನ್ನು ಈ ಪ್ರಾಣಿ ಯಾಕೆ ತಡೆಯುತ್ತದೆ ಎನ್ನುವುದಕ್ಕೆ ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ ಇದು.

ಮಲಗಿದ ಜೀವ ಎಷ್ಟು ಕಾಲ ಇರಬಲ್ಲದು? ಅಂಟಾರ್ಕ್ಟಿಕಾದಲ್ಲಿ 1983ರಲ್ಲಿ ತೆಗೆದ ಪಾಚಿಯನ್ನು ಜಪಾನಿನವರು ಹೆಪ್ಪುಗಟ್ಟಿಸಿ ಇಟ್ಟಿದ್ದರು. 2014ರಲ್ಲಿ ಕರಗಿಸಿದಾಗ ಅದರಲ್ಲಿದ್ದ ನೀರುಕರಡಿ ಎದ್ದು ಓಡಾಡಿತು, ಮೊಟ್ಟೆಯೂ ಇಟ್ಟಿತು. ಮೂವತ್ತು ವರ್ಷ!

ನಿರ್ವಾತಕ್ಕೆ ಜಗ್ಗಲಿಲ್ಲ, ಬಿಸಿಲಿಗೆ ಸೋತವು

ನೀರುಕರಡಿಗಳನ್ನು ನೇರವಾಗಿ ಬಾಹ್ಯಾಕಾಶಕ್ಕೆ ಒಡ್ಡಿದ್ದು 2007ರ ಸೆಪ್ಟೆಂಬರ್‌ನಲ್ಲಿ. ಸ್ವೀಡನ್ನಿನ ಇಂಗೆಮಾರ್ ಯೋನ್ಸನ್ ಅವರ ತಂಡ ಒಣಗಿದ ಎರಡು ಜಾತಿಗಳನ್ನು ರಷ್ಯಾದ ಫೋಟಾನ್-ಎಂ3 ಉಪಗ್ರಹದಲ್ಲಿ ಕಳಿಸಿ, 10 ದಿನ ತೆರೆದ ಬಾಹ್ಯಾಕಾಶಕ್ಕೆ ಒಡ್ಡಿತು. ಬರೀ ನಿರ್ವಾತ ಅನುಭವಿಸಿದವು ನೆಲದಲ್ಲೇ ಉಳಿದಿದ್ದವುಗಳಷ್ಟೇ ಚೆನ್ನಾಗಿ ಎದ್ದವು. ಸೂರ್ಯನ ನೇರಳಾತೀತ ಕಿರಣ ಪೂರ್ತಿ ಬಿದ್ದವುಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು.

ಯಾಕೆ ಹೀಗೆ? ನಿರ್ವಾತ ಮಾಡುವುದು ಒಣಗಿಸುವ ಕೆಲಸ. ಮೊದಲೇ ಒಣಗಿದವರಿಗೆ ಅದರಿಂದ ಹೊಸದೇನೂ ಆಗುವುದಿಲ್ಲ. ನೇರಳಾತೀತ ಕಿರಣ ಹಾಗಲ್ಲ. ಭೂಮಿಯಲ್ಲಿ ಓಝೋನ್ ಪದರ ತಡೆಯುವ ಅತಿ ತೀಕ್ಷ್ಣ ಭಾಗ ಅಲ್ಲಿ ಅಡ್ಡಿಯಿಲ್ಲದೆ ಬೀಳುತ್ತದೆ. ಮಲಗಿದ ಪ್ರಾಣಿ ಹಾನಿಯನ್ನು ಆಗಿಂದಾಗ ದುರಸ್ತಿ ಮಾಡಿಕೊಳ್ಳಲಾರದು. ಏಟುಗಳು ಸೇರುತ್ತಾ ಹೋಗುತ್ತವೆ.

ಬೇರೆ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ನಿಲ್ದಾಣದ ಹೊರಗೆ 558 ದಿನ ಇಟ್ಟ ಅರಬಿಡಾಪ್ಸಿಸ್ ಮತ್ತು ತಂಬಾಕು ಬೀಜಗಳಲ್ಲಿ ಶೇ 23 ಗಿಡವಾದವು. ಡೈನೋಕಾಕಸ್ ಎಂಬ ಬ್ಯಾಕ್ಟೀರಿಯಾ ಮೂರು ವರ್ಷ ಹೊರಗಿದ್ದು ಉಳಿಯಿತು. ಅದು ಕೂಡ ದಪ್ಪ ಮುದ್ದೆಯಾಗಿ ಇಟ್ಟಾಗ, ಮೇಲಿನ ಪದರ ಸತ್ತು ಒಳಗಿನದಕ್ಕೆ ನೆರಳಾದಾಗ. ಜಪಾನಿನ ಪಾಚಿ ಗೆದ್ದದ್ದೂ ಗೂಡಿನ ಗೋಡೆ ಬೀಜಕಣಕ್ಕೆ ನೆರಳು ಕೊಟ್ಟಿದ್ದರಿಂದ.

ಇನ್ನೊಂದು ಮಿತಿ ಇದೆ, ಇದನ್ನು ಒತ್ತಿ ಹೇಳಲೇಬೇಕು. ಈ ಪ್ರಯೋಗಗಳೆಲ್ಲ ನಡೆದದ್ದು ಭೂಮಿಯಿಂದ ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಅಲ್ಲಿ ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಇನ್ನೂ ಇದೆ. ಮಂಗಳದ ದಾರಿಯಲ್ಲಿ ಅದೂ ಇರುವುದಿಲ್ಲ. 283 ದಿನದ ಫಲಿತಾಂಶವನ್ನು ಹಾಗೇ ಎತ್ತಿ ಮಂಗಳಕ್ಕೆ ಅಂಟಿಸಲಾಗದು.

ಎಚ್ಚರವಾದ ಮೇಲೆ

ಈಗ ಬಾಳುವ ಪ್ರಶ್ನೆಗೆ ಬರೋಣ. ಒಣಗಿ ಮಲಗಿದ ನೀರುಕರಡಿ ಬಲಶಾಲಿ. ಎದ್ದು ಓಡಾಡುವ ನೀರುಕರಡಿ ಅಷ್ಟಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಜಾತಿಯ ಎಚ್ಚರದ ನೀರುಕರಡಿಗಳನ್ನು 24 ಗಂಟೆ ಬಿಸಿನೀರಿನಲ್ಲಿ ಇಟ್ಟರು. 37.1 ಡಿಗ್ರಿಗೆ ಅರ್ಧದಷ್ಟು ಸತ್ತವು. ಮನುಷ್ಯರ ಮೈಬಿಸಿಯಷ್ಟೇ ಅಲ್ವಾ? ಅದೇ ಜಾತಿ ಒಣಗಿದ್ದಾಗ ಅರ್ಧದಷ್ಟು ಸಾಯಲು 24 ಗಂಟೆ 63 ಡಿಗ್ರಿ ಬೇಕಾಯಿತು. ಭೂಮಿ ಕಾಯುತ್ತಿರುವ ಈ ಕಾಲದಲ್ಲಿ, ಸಾವಿಲ್ಲದ ಪ್ರಾಣಿ ಎಂದು ಕರೆಸಿಕೊಂಡ ಇದೇ ಪ್ರಾಣಿ ತೊಂದರೆಗೆ ಸಿಗಬಹುದು.

ವಿಕಿರಣದಲ್ಲೂ ಹೀಗೇ. ಮನುಷ್ಯನನ್ನು ಕೊಲ್ಲಲು ಒಂದೇ ಸಲಕ್ಕೆ ಸುಮಾರು 5 ಗ್ರೇ (ಮೈ ಹೀರಿದ ವಿಕಿರಣವನ್ನು ಅಳೆಯುವ ಮಾನ) ಸಾಕು. ಕೆಲವು ನೀರುಕರಡಿಗಳು ಸಾವಿರಾರು ಗ್ರೇ ತಡೆಯುತ್ತವೆ. ಆದರೆ 1,000 ಗ್ರೇ ದಾಟಿದ ಮೇಲೆ ಬದುಕಿದವಕ್ಕೂ ಸಂತಾನ ಆಗಲಿಲ್ಲ ಎಂದು 2006ರ ಒಂದು ಅಧ್ಯಯನ ತೋರಿಸಿತ್ತು. ಆ ಒಂದು ಪ್ರಾಣಿ ಉಳಿಯಿತು, ವಂಶ ಅಲ್ಲಿಗೇ ನಿಂತಿತು. ಒಂದು ಜಾತಿ ಒಂದು ಕಡೆ ನೆಲೆ ನಿಲ್ಲುತ್ತದಾ ಎನ್ನುವುದಕ್ಕೆ ಎರಡನೇ ಅಂಶವೇ ಮುಖ್ಯ.

ಇದರ ಮೇಲೆ ತೂಕವಿಲ್ಲದ ಸ್ಥಿತಿ ಬೇರೆ. ಜೀವ ಹುಟ್ಟಿದಾಗಿನಿಂದ ಭೂಮಿಯ ಸೆಳೆತ ಒಂದೇ ಥರ ಇದೆ. ಬರ, ಚಳಿ, ಉಪ್ಪು, ಬಿಸಿಲು ಎಲ್ಲಕ್ಕೂ ಯಾವುದೋ ಒಂದು ಜೀವಿ ಉಪಾಯ ಕಂಡುಕೊಂಡಿದೆ. ಸೆಳೆತ ಇಲ್ಲದಿರುವುದನ್ನು ಮಾತ್ರ ಯಾವ ಜೀವಿಯೂ ಹಿಂದೆ ಕಂಡಿಲ್ಲ.

ಕಪ್ಪೆಯ ಉದಾಹರಣೆ ನೋಡಿ. 1992ರಲ್ಲಿ ಎಂಡೆವರ್ ನೌಕೆಯಲ್ಲಿ ಆಫ್ರಿಕಾದ ಒಂದು ಜಾತಿಯ ಹೆಣ್ಣು ಕಪ್ಪೆಗಳನ್ನು ಒಯ್ದು, ಅಲ್ಲೇ ಮೊಟ್ಟೆ ಇಡಿಸಿ, ಅಲ್ಲೇ ಫಲ ಕಟ್ಟಿಸಿದರು. ಮೊಟ್ಟೆಗಳು ಬೆಳೆದು ಗೊದಮೊಟ್ಟೆಗಳಾದವು. ಬೆನ್ನುಮೂಳೆಯಿರುವ ಪ್ರಾಣಿ ಸೆಳೆತವಿಲ್ಲದೆ ಬೆಳೆಯಬಲ್ಲದು ಎನ್ನುವುದಕ್ಕೆ ಅದು ದೊಡ್ಡ ಸಾಕ್ಷಿ. ಆದರೆ ಗೊದಮೊಟ್ಟೆಗಳ ಶ್ವಾಸಕೋಶ ತುಂಬಲೇ ಇಲ್ಲ. ನೆಲದಲ್ಲಿ ಅವು ನೀರಿನ ಮೇಲಕ್ಕೆ ಬಂದು ಗಾಳಿ ನುಂಗುತ್ತವೆ. ಅಲ್ಲಿ ಗುಳ್ಳೆ ಮೇಲಕ್ಕೆ ಏರುವುದಿಲ್ಲ, ನೀರಿಗೆ ಮೇಲು ಅಂತಲೇ ಇಲ್ಲ. ಗಾಳಿ ಎಲ್ಲಿದೆ ಎಂದು ಅವಕ್ಕೆ ತಿಳಿಯಲಿಲ್ಲ. ಭೂಮಿಗೆ ಬಂದ ಮೇಲೆ ಸರಿಹೋದವು.

ಮಳೆಗಾಲದ ಕೊಡಗಿನಲ್ಲಿ ಗೊದಮೊಟ್ಟೆಯ ಈ ಒಂದು ಗುಟುಕು ಗಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಹ್ಯಾಕಾಶಕ್ಕೆ ಹೋದಾಗಲೇ ಅದರ ಬೆಲೆ ಗೊತ್ತಾಗುವುದು. ಇಂಥ ಪ್ರಯೋಗಗಳ ದೊಡ್ಡ ಉಪಯೋಗ ಇದು: ಕಣ್ಣಿಗೆ ಬೀಳದ ಒಂದು ಕಾರಣವನ್ನು ತೆಗೆದು ನೋಡಿದಾಗ ಅದು ಏನೇನು ಮಾಡುತ್ತಿತ್ತು ಎನ್ನುವುದು ಕಾಣುತ್ತದೆ.

ಮೀನು ಸ್ವಲ್ಪ ವಾಸಿ. 1994ರಲ್ಲಿ ಜಪಾನಿನ ಮೆಡಾಕಾ ಮೀನುಗಳು ಕೊಲಂಬಿಯಾ ನೌಕೆಯಲ್ಲಿ ಕೂಡಿ, ಮೊಟ್ಟೆ ಇಟ್ಟು, ಮರಿಗಳೂ ಹೊರಬಂದವು. ಮನುಷ್ಯರ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ವ್ಯಾಯಾಮ ಮಾಡದಿದ್ದರೆ ಸೊಂಟ, ತೊಡೆಯ ಮೂಳೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ನಮ್ಮನ್ನು ಒಣಗಿಸಿ ಕಳಿಸುವ ಹಾಗೂ ಇಲ್ಲ. ನಮ್ಮ ಕೋಶಗಳಿಗೆ ಆ ಸಿದ್ಧತೆಯೇ ಇಲ್ಲ.

ಆದ್ದರಿಂದ ಬೆಂಗಳೂರಿನ ಪ್ರಯೋಗದಲ್ಲಿ ಕಾಯಬೇಕಾದ ಅಂಕಿ ಒಂದೇ. ನೀರುಕರಡಿ ಎದ್ದಿತಾ ಎನ್ನುವುದಕ್ಕಿಂತ, ಅಲ್ಲಿ ಇಟ್ಟ ಮೊಟ್ಟೆಗಳಲ್ಲಿ ಎಷ್ಟು ಒಡೆದವು, ಆ ಮರಿಗಳು ನೆಲದ ಮರಿಗಳಷ್ಟೇ ಗಟ್ಟಿಯಾ ಎನ್ನುವುದು.

ಜೀವ ಆಕಾಶದಿಂದ ಬಂತಾ?

ಈ ವಾದ ಹಳೆಯದು, ಪ್ರತಿ ಸುದ್ದಿಗೂ ಹೊಸದಾಗಿ ಏಳುತ್ತದೆ. ಪರವಾಗಿ ಇರುವವರು ಹೇಳುವುದು ಹೀಗೆ: ಉಲ್ಕೆ ಬಡಿದಾಗ ಗ್ರಹದಿಂದ ಬಂಡೆಗಳು ಚಿಮ್ಮುತ್ತವೆ. ಮಂಗಳದಿಂದ ಚಿಮ್ಮಿದ ಕಲ್ಲುಗಳು ಭೂಮಿಯಲ್ಲಿ ಸಿಕ್ಕಿವೆ. ಬಂಡೆಯ ಒಳಗೆ ಮಲಗಿದ ಸೂಕ್ಷ್ಮಜೀವಿಗೆ ಬಿಸಿಲೂ ತಟ್ಟುವುದಿಲ್ಲ. ಹಾಗಾದರೆ ಪ್ರಯಾಣ ಯಾಕೆ ಸಾಧ್ಯವಿಲ್ಲ?

ಒಪ್ಪದವರು ಹೇಳುವುದು: ಪ್ರಯಾಣದ ನಡುವಿನ ಭಾಗವನ್ನಷ್ಟೇ ನೀವು ಪರೀಕ್ಷೆ ಮಾಡಿದ್ದೀರಿ. ಹೊರಡುವಾಗಿನ ಏಟು, ಇಳಿಯುವಾಗಿನ ಬೆಂಕಿ ಬಿಟ್ಟುಹೋಗಿದೆ. ಬ್ರಿಟನ್ನಿನಲ್ಲಿ ಹೆಪ್ಪುಗಟ್ಟಿದ ನೀರುಕರಡಿಗಳನ್ನು ಗುಂಡಿನ ಹಾಗೆ ಹಾರಿಸಿ ನೋಡಿದ್ದಾರೆ. 2021ರ ಆ ವರದಿಯ ಪ್ರಕಾರ ಸೆಕೆಂಡಿಗೆ ಸುಮಾರು 900 ಮೀಟರ್ ವೇಗದವರೆಗೆ ಬದುಕಿದವು, ಅದರ ಮೇಲೆ ಇಲ್ಲ. ಉಲ್ಕೆಗಳು ಬಡಿಯುವ ವೇಗ ಇದಕ್ಕಿಂತ ಬಹಳ ಹೆಚ್ಚು. ಮರುಪ್ರವೇಶದ ಬೆಂಕಿಗೆ ಬಂಡೆಯೊಳಗಿಟ್ಟು ಒಡ್ಡಿದ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಅಲ್ಲದೆ ಇಂಥ ಪ್ರಯಾಣಕ್ಕೆ ಲಕ್ಷಾಂತರ ವರ್ಷ ಹಿಡಿಯಬಹುದು. ನಮ್ಮ ಕೈಯಲ್ಲಿರುವ ಪ್ರಯೋಗಗಳ ಅವಧಿ ಕೆಲವು ವರ್ಷ.

ಇನ್ನೊಂದು ಮುಖ್ಯ ಮಾತು. ನೀರುಕರಡಿ, ಪಾಚಿ ಎರಡೂ ಕೋಟ್ಯಂತರ ವರ್ಷ ಭೂಮಿಯಲ್ಲೇ ವಿಕಾಸವಾಗಿ ಬಂದ ಜಟಿಲ ಜೀವಿಗಳು. ಇವು ಬಾಹ್ಯಾಕಾಶ ತಡೆದವು ಎನ್ನುವುದು ಜೀವದ ಮೊದಲ ಹುಟ್ಟಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಇಲ್ಲಿಯವರೆಗಿನ ಸಾಕ್ಷ್ಯ ನೋಡಿದರೆ, ಒಪ್ಪದವರ ಕಡೆಯ ವಾದವೇ ಗಟ್ಟಿ.

ಆದರೆ ಇದೇ ಪ್ರಯೋಗಗಳು ಒಂದು ಜವಾಬ್ದಾರಿ ಹೇರುತ್ತವೆ. ಮಲಗಿದ ಜೀವ ತಿಂಗಳುಗಟ್ಟಲೆ ಉಳಿಯುತ್ತದೆ ಅಂದ ಮೇಲೆ, ನಮ್ಮ ನೌಕೆಗಳ ಮೈಗೆ ಅಂಟಿಕೊಂಡು ಹೋದ ಜೀವವೂ ಉಳಿಯಬಹುದು. ನಾಳೆ ಮಂಗಳದಲ್ಲಿ ಜೀವದ ಕುರುಹು ಸಿಕ್ಕರೆ ಅದು ಅಲ್ಲಿನದ್ದಾ, ನಾವೇ ಒಯ್ದದ್ದಾ? 1967ರ ಬಾಹ್ಯಾಕಾಶ ಒಪ್ಪಂದ ಬೇರೆ ಲೋಕಗಳನ್ನು ಕಲುಷಿತ ಮಾಡಬಾರದು ಎನ್ನುತ್ತದೆ. ಚಂದ್ರನ ವಿಷಯದಲ್ಲಿ ನಿಯಮ ಸಡಿಲ, ಮಂಗಳದ ವಿಷಯದಲ್ಲಿ ಬಿಗಿ. 2019ರ ಏಪ್ರಿಲ್‌ನಲ್ಲಿ ಇಸ್ರೇಲಿನ ಬೆರೆಶೀಟ್ ನೌಕೆ ಚಂದ್ರನಿಗೆ ಅಪ್ಪಳಿಸಿದಾಗ ಅದರಲ್ಲಿ ಒಣಗಿದ ನೀರುಕರಡಿಗಳಿದ್ದವು ಎನ್ನುವುದು ಆಮೇಲೆ ಗೊತ್ತಾಯಿತು. ಚಂದ್ರನಲ್ಲಿ ನೀರಿಲ್ಲದ ಕಡೆ ಅವು ಏಳಲಾರವು, ನಿಜ. ಆದರೂ ಯಾರನ್ನೂ ಕೇಳದೆ ಹೀಗೆ ಕಳಿಸುವುದು ಸರಿಯಲ್ಲ.

ನೆಲದವರಿಗೆ ಇದರಿಂದ ಏನು?

ಇಷ್ಟು ಖರ್ಚು ಯಾಕೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಉತ್ತರ ಇರುವುದು ಹೆಚ್ಚಾಗಿ ಒಣಗಿಸುವ ವಿದ್ಯೆಯಲ್ಲಿ.

ಲಸಿಕೆ, ಇನ್ಸುಲಿನ್, ರಕ್ತದ ಅಂಶಗಳು ತಂಪಿನಲ್ಲೇ ಇರಬೇಕು. ಕೊಡಗಿನ ಒಳ ಊರುಗಳಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದರೆ ಇದರ ಕಷ್ಟ ಏನೆಂದು ಅಲ್ಲಿನವರಿಗೆ ಗೊತ್ತು. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಥಾಮಸ್ ಬೂತ್‌ಬಿ ಅವರ ತಂಡ 2023ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇರುವವರಿಗೆ ಕೊಡುವ ಫ್ಯಾಕ್ಟರ್ 8 ಎಂಬ ರಕ್ತದ ಅಂಶಕ್ಕೆ ನೀರುಕರಡಿಯ ಪ್ರೋಟೀನ್ ಸೇರಿಸಿ ಒಣಗಿಸಿದರು. ಫ್ರಿಜ್ ಇಲ್ಲದೆಯೂ ಅದು ಗುಣ ಉಳಿಸಿಕೊಂಡಿತು. ಔಷಧ ಅಂಗಡಿಗೆ ಬರಲು ಇನ್ನೂ ಎಷ್ಟೋ ಹಂತ ದಾಟಬೇಕು. ದಾರಿಯಂತೂ ಕಂಡಿದೆ.

2025ರಲ್ಲಿ ಇನ್ನೊಂದು ತಂಡ ಡಿಸಪ್ ಪ್ರೋಟೀನ್ ತಯಾರಿಸುವ ಸೂಚನೆಯನ್ನು ಇಲಿಗಳ ಅಂಗಾಂಶಕ್ಕೆ ಚುಚ್ಚಿ, ವಿಕಿರಣ ಕೊಟ್ಟಾಗ ಡಿಎನ್‌ಎ ತುಂಡಾಗುವುದು ಕಡಿಮೆಯಾಗುತ್ತದೆ ಎಂದು ತೋರಿಸಿತು. ಕ್ಯಾನ್ಸರ್‌ಗೆ ರೇಡಿಯೇಷನ್ ತೆಗೆದುಕೊಂಡು ಬಾಯಿ ಹುಣ್ಣಾಗಿ ಊಟ ಮಾಡಲಾಗದೆ ಒದ್ದಾಡುವವರಿಗೆ ಇದು ಮುಂದೊಂದು ದಿನ ನೆರವಾಗಬಹುದು.

ಕಾಫಿ ಬೀಜದ ಕಷ್ಟ

ಕೊಡಗಿಗೆ ಇನ್ನೂ ಹತ್ತಿರದ ಒಂದು ವಿಷಯ ಇದೆ. ಇದರ ಬಗ್ಗೆ ಮಾತಾಡುವವರು ಕಡಿಮೆ.

ಬೀಜಗಳಲ್ಲೂ ಒಣಗಿ ಉಳಿಯಬಲ್ಲವು ಇವೆ, ಉಳಿಯಲಾರದವು ಇವೆ. ಭತ್ತ, ರಾಗಿಯನ್ನು ಚೆನ್ನಾಗಿ ಒಣಗಿಸಿ ತಣ್ಣಗೆ ಇಟ್ಟರೆ ವರ್ಷಗಟ್ಟಲೆ ಮೊಳಕೆ ಶಕ್ತಿ ಉಳಿಯುತ್ತದೆ. ಹಲಸಿನ ಬೀಜ ಒಣಗಿದರೆ ಮುಗಿಯಿತು. ಕಾಫಿ ಇವೆರಡರ ನಡುವಿನದ್ದು. 1990ರಲ್ಲಿ ಬ್ರಿಟನ್ನಿನ ಎಲಿಸ್, ಹಾಂಗ್ ಮತ್ತು ರಾಬರ್ಟ್ಸ್ ಎಂಬ ವಿಜ್ಞಾನಿಗಳು ಬೀಜಗಳಲ್ಲಿ ಮಧ್ಯದ ಒಂದು ವರ್ಗ ಇದೆ ಎಂದು ಹೇಳಿದ್ದೇ ಕಾಫಿಯನ್ನು ಇಟ್ಟುಕೊಂಡು. ಅರೇಬಿಕಾ ಬೀಜ ಒಂದು ಮಟ್ಟದವರೆಗೆ ಒಣಗುವುದನ್ನು ಸಹಿಸುತ್ತದೆ. ಇನ್ನೂ ಒಣಗಿಸಿ ಫ್ರೀಜರ್‌ನಲ್ಲಿ ಇಟ್ಟರೆ ಸಾಯುತ್ತದೆ. ನರ್ಸರಿ ಮಾಡುವವರು ಬಿತ್ತನೆ ಬೀಜವನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ ಆರಿಸುವುದು, ಆ ವರ್ಷದ ಬೀಜವನ್ನೇ ಬೇಗ ಬಿತ್ತುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ. ಕಾಫಿಯ ಮೊಗ್ಗು ಬೇಸಿಗೆಯಲ್ಲಿ ಮಲಗಿ, ಹೂಮಳೆ ಬಿದ್ದ ಎಂಟತ್ತು ದಿನಕ್ಕೆ ಅರಳುತ್ತದಲ್ಲ, ಅದು ನೀರುಕರಡಿಯ ನಿದ್ದೆಯಂಥದ್ದಲ್ಲ. ಮೊಗ್ಗಿನಲ್ಲಿ ನೀರು ಇದ್ದೇ ಇರುತ್ತದೆ, ಬೆಳವಣಿಗೆ ಮಾತ್ರ ನಿಂತಿರುತ್ತದೆ. ಪೂರ್ತಿ ಒಣಗಿದರೆ ಮೊಗ್ಗು ಕರಟಿ ಉದುರುತ್ತದೆ.

ಬೀಜ ಇಡಲಾಗದ್ದರ ಪರಿಣಾಮ ದೊಡ್ಡದು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಜಗತ್ತಿನ ಬೆಳೆಗಳ ಬೀಜ ಕಾಪಾಡುವ ಉಗ್ರಾಣ ಇದೆ. ಕಾಫಿ ಬೀಜ ಅಂಥ ಚಳಿ ತಡೆಯದು. ಜಗತ್ತಿನ ಎಲ್ಲ ಕಡೆ ಕಾಫಿ ತಳಿಗಳನ್ನು ಹೆಚ್ಚಾಗಿ ಜೀವಂತ ಗಿಡಗಳಾಗಿಯೇ ತೋಟದಲ್ಲಿ ಕಾಪಾಡಬೇಕು. ಗಿಡ ಅಂದ ಮೇಲೆ ಬಿಳಿ ಕಾಂಡಕೊರಕ ಇದೆ, ಎಲೆ ತುಕ್ಕು ಇದೆ, ಬರ ಇದೆ. 2018ರಂಥ ಮಳೆ ಬಂದರೆ ಗುಡ್ಡವೇ ಜಾರುತ್ತದೆ. ಒಂದು ಅಪರೂಪದ ತಳಿಯ ಕೊನೆಯ ಗಿಡ ಹೋದರೆ ತಳಿಯೇ ಹೋಯಿತು. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಕೇಂದ್ರ, ಅದರ ಚೆಟ್ಟಳ್ಳಿಯ ಉಪಕೇಂದ್ರದಂಥ ಕಡೆ ತಳಿ ಕಾಪಾಡುವ ಕೆಲಸಕ್ಕೆ ಜಾಗ, ಆಳು, ಹಣ ಇಷ್ಟೊಂದು ಬೇಕಾಗುವುದು ಇದಕ್ಕೇ. ದ್ರವ ಸಾರಜನಕದಲ್ಲಿ ಬೀಜ ಇಡುವ ವಿಧಾನಗಳು ಬಂದಿವೆ. ಆದರೆ ಅವು ದುಬಾರಿ, ಕುಸುರಿ ಕೆಲಸ.

ಒಣಗಿ ಉಳಿಯುವ ಗುಟ್ಟು ಬೀಜಕ್ಕೂ ನೀರುಕರಡಿಗೂ ಸ್ವಲ್ಪ ಮಟ್ಟಿಗೆ ಒಂದೇ. ಎಲ್‌ಇಎ ಎಂಬ ಕಾಪಾಡುವ ಪ್ರೋಟೀನ್‌ಗಳ ಗುಂಪು ಮೊದಲು ಸಿಕ್ಕಿದ್ದು ಹತ್ತಿಯ ಬೀಜದಲ್ಲಿ. ಆಮೇಲೆ ನೀರುಕರಡಿಯಲ್ಲೂ ಸಿಕ್ಕಿತು. ಭತ್ತದ ಬೀಜ ಪೂರ್ತಿ ಒಣಗಿ ಉಳಿಯುವಾಗ ಕಾಫಿ ಬೀಜ ಅರ್ಧ ದಾರಿಯಲ್ಲಿ ಯಾಕೆ ಸೋಲುತ್ತದೆ? ಪೊರೆ ಕೆಡುವುದರಿಂದಲಾ, ಕೊಬ್ಬಿನಂಶ ಚಳಿಗೆ ಗಟ್ಟಿಯಾಗುವುದರಿಂದಲಾ, ಕಾಪಾಡುವ ಪ್ರೋಟೀನ್ ಸಾಲದೆ ಹೋಗುವುದರಿಂದಲಾ? ಇದನ್ನು ಬಿಡಿಸಲು ರಾಕೆಟ್ ಬೇಡ. ಬೀಜ, ಸೂಕ್ಷ್ಮದರ್ಶಕ, ಒಣಗಿಸುವ ಪೆಟ್ಟಿಗೆ ಮತ್ತು ಕೆಲವು ವರ್ಷಗಳ ತಾಳ್ಮೆ ಬೇಕು. ಗೋಡೆಯ ಪಾಚಿಯಿಂದ ನೀರುಕರಡಿ ಹೆಕ್ಕಿ ಬಾಹ್ಯಾಕಾಶದವರೆಗೆ ಒಯ್ದ ರಾಜ್ಯದಲ್ಲೇ ದೇಶದ ಹೆಚ್ಚಿನ ಪಾಲು ಕಾಫಿ ಬೆಳೆಯುತ್ತದೆ. ಬೆಂಗಳೂರಿನ ಪ್ರಯೋಗಾಲಯಗಳೂ ಚೆಟ್ಟಳ್ಳಿಯ ತೋಟವೂ ಈ ಪ್ರಶ್ನೆಯ ಮೇಲೆ ಒಟ್ಟಿಗೆ ಕೂತು ಕೆಲಸ ಮಾಡಬೇಕು. ಅದಕ್ಕೆ ಬೇಕಾದ ಹಣವನ್ನು ಕಾಫಿ ಬೆಳೆಗಾರರ ಸಂಘಗಳು ಕೇಳಿ ಪಡೆಯಬೇಕು.